ಕಂಬದ ಕಿವಿ

ಪ್ರತಿ ತಿಂಗಳ ಮೊದಲ ಮಂಗಳವಾರ, ಬೆಳಗ್ಗೆ ಹನ್ನೊಂದಕ್ಕೆ ಇನ್ನೂ ಐದು ನಿಮಿಷ ಇರುವಾಗಲೇ ಅಪ್ಪ ಮನೆಯ ಗೇಟಿನ ಪಕ್ಕದ ಬೆಂಚಿನ ಮೇಲೆ ಬಂದು ಕೂರುತ್ತಿದ್ದ. ಇಸ್ತ್ರಿ ಮಾಡಿದ ಅಂಗಿ, ಜೇಬಿನ ಮೇಲೆ ನೀಲಿ ಬ್ಯಾಡ್ಜು, ತೊಡೆಯ ಮೇಲೆ ರಟ್ಟು, ರಟ್ಟಿಗೆ ಕ್ಲಿಪ್ಪು ಹಾಕಿದ ಫಾರಂ. ಬ್ಯಾಡ್ಜಿನ ಮೇಲೆ ‘ಅಧಿಕೃತ ಶ್ರೋತೃ, ಕಂಬ ಸಂಖ್ಯೆ 14’ ಎಂದು ಬರೆದಿತ್ತು. ಬೀದಿಯವರ ನಾಲಿಗೆ ಅಷ್ಟುದ್ದದ ಹೆಸರಿಗೆ ಹೊರಳುತ್ತಿರಲಿಲ್ಲ. ಅವರು ಅವನನ್ನು ‘ಕಂಬದ ಕಿವಿ’ ಎನ್ನುತ್ತಿದ್ದರು.

ಕಂಬ ಇದ್ದದ್ದು ರಸ್ತೆಯ ಆಚೆ ಬದಿಗೆ, ಟೈಲರಕ್ಕನ ಅಂಗಡಿಗೆ ತಾಗಿಕೊಂಡೇ. ತುದಿಯಲ್ಲಿ ತಟ್ಟೆಗಳನ್ನು ಒಂದರ ಮೇಲೊಂದು ಕವುಚಿಟ್ಟ ಹಾಗೆ ಸೈರನ್ನು. ಅಣುಸ್ಥಾವರದಲ್ಲಿ ಏನಾದರೂ ಎಡವಟ್ಟಾದರೆ ಸುತ್ತಲಿನ ಜನರನ್ನು ಎಚ್ಚರಿಸಲಿಕ್ಕೆಂದು ಪ್ಲಾಂಟಿನವರು ನೆಟ್ಟ ಅರವತ್ತು ಕಂಬಗಳಲ್ಲಿ ಅದೂ ಒಂದು. ತಿಂಗಳಿಗೊಮ್ಮೆ ಅರವತ್ತನ್ನೂ ಒಂದೊಂದು ನಿಮಿಷ ಕೂಗಿಸಿ ನೋಡುತ್ತಿದ್ದರು. ಕೂಗಿತೋ ಇಲ್ಲವೋ ಎಂದು ಬರೆದುಕೊಡಲು ಕಂಬಕ್ಕೊಬ್ಬ ಶ್ರೋತೃ. ಫಾರಮ್ಮಿನಲ್ಲಿ ಇದ್ದದ್ದು ಮೂರೇ ಚೌಕ. ‘ಕೇಳಿಸಿತು, ಸ್ಪಷ್ಟ.’ ‘ಕೇಳಿಸಿತು, ಮಂದ.’ ‘ಕೇಳಿಸಲಿಲ್ಲ.’

ಹದಿನಾಲ್ಕನೇ ಕಂಬದ ಶ್ರೋತೃವಿಗೆ ಕಿವಿ ಕೇಳಿಸುತ್ತಿರಲಿಲ್ಲ.

ಸ್ವಲ್ಪ ಮಂದ ಅಂತ ಬೀದಿಗೆಲ್ಲ ಗೊತ್ತಿತ್ತು. ಪೂರಾ ಹೋಗಿದೆ ಅಂತ ಗೊತ್ತಿದ್ದದ್ದು ಮಗಳಿಗೊಬ್ಬಳಿಗೆ.

ಅವಳನ್ನು ಎಲ್ಲರೂ ಗುಬ್ಬಿ ಎಂದು ಕರೆಯುತ್ತಿದ್ದರು. ಇಪ್ಪತ್ತೆರಡು ವರ್ಷದವಳು, ಎದುರಿಗೆ ಯಾರಾದರೂ ಬಂದರೆ ಗೋಡೆಗೆ ಅಂಟಿಕೊಂಡು ದಾರಿ ಬಿಡುವವಳು. "ಚಿಲಿಪಿಲಿ ಅನ್ನದ ಗುಬ್ಬೀನ ನಾನು ಇದೇ ಮೊದಲು ನೋಡ್ತಿರೋದು" ಎಂದು ಟೈಲರಕ್ಕ ಕೆಣಕುತ್ತಿದ್ದಳು. ಪರೀಕ್ಷೆಯ ಮಂಗಳವಾರ ಗುಬ್ಬಿ ಅಡುಗೆಮನೆಯ ಕಿಟಕಿಯಲ್ಲಿ ಪಾತ್ರೆ ಉಜ್ಜುವ ನೆಪ ಹಿಡಿದು ನಿಲ್ಲುತ್ತಿದ್ದಳು. ಅಪ್ಪ ಬೆಂಚಿನ ಮೇಲೆ ತುಸು ಓರೆಯಾಗಿ, ಕಿಟಕಿ ಕಣ್ಣಂಚಿಗೆ ಬೀಳುವ ಹಾಗೆ ಕೂರುತ್ತಿದ್ದ. ಸೈರನ್ನು ಶುರುವಾದ ಕ್ಷಣ ಅವಳ ತೋರುಬೆರಳು ಮೇಲೇಳುತ್ತಿತ್ತು. ಅಪ್ಪ ತಲೆ ಎತ್ತಿ, ಹುಬ್ಬು ಗಂಟಿಕ್ಕಿ ಕಂಬ ನೋಡುತ್ತಿದ್ದ, ಅಬ್ಬಬ್ಬಾ ಏನು ಗಂಟಲಪ್ಪ ಇದರದ್ದು ಅನ್ನುವವನ ಹಾಗೆ. ಸದ್ದು ನಿಂತ ಕ್ಷಣ ಬೆರಳು ಮಡಚುತ್ತಿತ್ತು. ಆಮೇಲೆ ಅಂಗೈ ತೋರಿಸಿದರೆ ಸ್ಪಷ್ಟ, ಅಂಗೈ ಕವುಚಿದರೆ ಮಂದ. ಮೂರನೆಯ ಚೌಕಕ್ಕೆ ಅವರಿಬ್ಬರೂ ಸನ್ನೆ ಗೊತ್ತುಮಾಡಿಕೊಂಡಿರಲೇ ಇಲ್ಲ. ಅಷ್ಟು ದೊಡ್ಡ ಬಾಯಿಯದ್ದು ಕೂಗದೆ ಇದ್ದೀತು ಎಂದು ಯಾರು ಎಣಿಸುತ್ತಾರೆ?

ಬೀದಿಯ ತಿರುವಿನಲ್ಲಿ ಸ್ಕೂಟರಿಗೆ ಒರಗಿ ಸೈರನ್ ಸಾಹೇಬ ನಿಂತಿರುತ್ತಿದ್ದ. ಪ್ಲಾಂಟಿನ ಸುರಕ್ಷತಾ ವಿಭಾಗದ ಅಧಿಕಾರಿ. ಶ್ರೋತೃಗಳು ನಿಜಕ್ಕೂ ಹೊರಗೆ ಕೂತಿದ್ದಾರೋ, ಮನೆಯೊಳಗೆ ಗೊರಕೆ ಹೊಡೆಯುತ್ತಿದ್ದಾರೋ ಎಂದು ಬೀದಿ ಬೀದಿ ಸುತ್ತಿ ನೋಡುವುದು, ಫಾರಂ ಒಯ್ಯುವುದು ಅವನ ಕೆಲಸ. "ನಿಮ್ಮಂಥ ಶ್ರೋತೃ ಅರವತ್ತು ಕಂಬಕ್ಕೆ ಇನ್ನೊಬ್ಬರಿಲ್ಲ" ಎಂದು ಅಪ್ಪನ ಬೆನ್ನು ತಟ್ಟುತ್ತಿದ್ದ. ಅಪ್ಪ ಅವನ ತುಟಿ ಓದಿ, "ಏನೋ ಸರ್, ನಿಮ್ಮ ದಯೆ" ಎಂದು ಇಡೀ ಬೀದಿ ಬೆಚ್ಚುವಷ್ಟು ಜೋರಾಗಿ ಹೇಳುತ್ತಿದ್ದ.

ಅಪ್ಪ ಪ್ಲಾಂಟಿನ ಟರ್ಬೈನ್ ಹಾಲಿನಲ್ಲಿ ಮೂವತ್ತೊಂದು ವರ್ಷ ಫಿಟ್ಟರ್ ಆಗಿದ್ದವನು. ಆ ಹಾಲಿನಲ್ಲಿ ಪಕ್ಕದವನ ಕಿವಿಗೆ ಬಾಯಿ ಹಚ್ಚಿ ಕಿರುಚಿದರೂ ಅರ್ಧ ಮಾತು ಗಾಳಿಪಾಲು. ಕಿವಿಗೆ ತುರುಕಿಕೊಳ್ಳಲು ಹಳದಿ ಸ್ಪಂಜು ಕೊಟ್ಟಿದ್ದರು. ಸ್ಪಂಜು ಹಾಕಿಕೊಂಡರೆ ಬೇರಿಂಗು ಕೆಟ್ಟ ಸದ್ದು ಗೊತ್ತಾಗುವುದಿಲ್ಲ, ಗೊತ್ತಾಗದಿದ್ದರೆ ಮೇಲಿನವರು ಬೈಯುವುದು ತಪ್ಪುವುದಿಲ್ಲ. ಹಾಗಾಗಿ ಸ್ಪಂಜು ಎಲ್ಲರ ಜೇಬಿನಲ್ಲೇ ಇರುತ್ತಿತ್ತು. ಕಿವಿ ಹೋಗುತ್ತಿದೆ ಎಂದು ತಿಳಿದಾಗ ಅಪ್ಪ ಅದನ್ನು ಬಚ್ಚಿಟ್ಟ. ಕಿವಿ ಹೋದ ಫಿಟ್ಟರನ್ನು ಗೋದಾಮಿನ ಮೂಲೆಗೆ ತಳ್ಳಿ ನಟ್ಟು ಬೋಲ್ಟು ವಿಂಗಡಿಸಲು ಕೂರಿಸುತ್ತಿದ್ದರು. ಹಾಗೆ ಕೂತವರು ಊಟದ ಹೊತ್ತಿಗೂ ಯಾರ ಪಕ್ಕದಲ್ಲೂ ಕೂರುತ್ತಿರಲಿಲ್ಲ. ವರ್ಷಕ್ಕೊಮ್ಮೆ ನಡೆಯುವ ಕಿವಿ ಪರೀಕ್ಷೆಯಲ್ಲಿ ಎದುರಿಗೊಂದು ಗಾಜಿನ ಬೀರು ಇತ್ತು. ಅದರಲ್ಲಿ ಹಿಂದೆ ಕೂತ ನರ್ಸಿನ ಕೈ ಕಾಣುತ್ತಿತ್ತು. ಅವಳು ಗುಂಡಿ ಒತ್ತಿದಾಗಲೆಲ್ಲ ಅಪ್ಪನೂ ತನ್ನ ಗುಂಡಿ ಒತ್ತುತ್ತಿದ್ದ. ಪಾಸು.

ಅಮ್ಮ ಇರುವವರೆಗೆ ಅಮ್ಮನೇ ಅವನ ಕಿವಿ. ಶಿಫ್ಟು ಬದಲಾಯಿತೆಂದು ಬರುವ ಫೋನು, ಬಾಗಿಲು ಬಡಿದ ಸದ್ದು, ಕುಕ್ಕರಿನ ಸೀಟಿ, ಎಲ್ಲ ಅವಳ ಪಾಲಿನದು. ಅಮ್ಮ ತೀರಿಕೊಂಡಾಗ ಗುಬ್ಬಿಗೆ ಹದಿನೈದು, ಒಂಬತ್ತನೇ ತರಗತಿ ಮುಗಿದಿತ್ತಷ್ಟೆ. ಎರಡು ಸಲ ಶಿಫ್ಟಿನ ಫೋನು ತಪ್ಪಿ ಅಪ್ಪನಿಗೆ ಮೆಮೊ ಬಂತು. "ಸ್ವಲ್ಪ ದಿನ ಮನೇಲಿರು ಮಗಳೇ" ಅಂದ. ಆ ಸ್ವಲ್ಪ ದಿನ ಇನ್ನೂ ಮುಗಿದಿರಲಿಲ್ಲ. ಅದೇ ವರ್ಷ ಕಂಬಗಳನ್ನು ನೆಟ್ಟರು. ಈ ಬೀದಿಯಲ್ಲಿ ಪ್ಲಾಂಟಿನವನು ಅಪ್ಪನೊಬ್ಬನೇ ಆದ್ದರಿಂದ ಪರೀಕ್ಷೆಯ ಮಂಗಳವಾರ ಬೆಳಗಿನ ಶಿಫ್ಟಿಗೆ ವಿನಾಯಿತಿ ಕೊಟ್ಟು ಬ್ಯಾಡ್ಜು ತಂದು ಚುಚ್ಚಿಯೇಬಿಟ್ಟರು. ಬೇಡ ಎಂದರೆ ಯಾಕೆ ಬೇಡ ಎಂದು ಕೇಳುತ್ತಾರೆ. ಅಪ್ಪ ತೆಪ್ಪಗೆ ತಲೆಯಾಡಿಸಿದ.

ಈಗ ಅವನು ನಿವೃತ್ತನಾಗಿ ಹನ್ನೊಂದು ತಿಂಗಳು. ನಿವೃತ್ತಿಯಾದ ವರ್ಷದೊಳಗೆ ಪ್ಲಾಂಟಿನ ವೈದ್ಯಮಂಡಳಿಗೆ ಅರ್ಜಿ ಹಾಕಬಹುದಿತ್ತು. ಕಿವಿ ಹೋದದ್ದು ಕೆಲಸದಿಂದಲೇ ಎಂದು ಮಂಡಳಿ ಒಪ್ಪಿಕೊಂಡರೆ ಕಿವಿಗೆ ಯಂತ್ರ ಕೊಡುತ್ತಿದ್ದರು. ಅಂಗಡಿಯ ಯಂತ್ರವನ್ನು ಅಪ್ಪ ಒಮ್ಮೆ ಹಾಕಿ ನೋಡಿದ್ದ. ತಲೆಯೊಳಗೆ ತಗಡು ಕೊಯ್ದ ಹಾಗಾಗುತ್ತದೆಂದು ಕಿತ್ತೆಸೆದಿದ್ದ. ಇದು ಅವರವರ ಕಿವಿಗೆ ಅಳತೆ ತೆಗೆದು, ತಿಂಗಳುಗಟ್ಟಲೆ ಹದ ಮಾಡಿ ಕೂರಿಸುವಂಥದ್ದು. ತಾವಾಗಿ ಕೊಳ್ಳುವ ಮಾತು ಅವರ ಮನೆಯಲ್ಲಿ ಕನಸಿಗೂ ದೂರ. ಅದೊಂದು ಬಂದರೆ ಫೋನು, ಬಾಗಿಲು, ಕಂಬ ಎಲ್ಲ ಅಪ್ಪನೇ ನೋಡಿಕೊಳ್ಳುತ್ತಾನೆ. ಗುಬ್ಬಿ ಹೊರಡಬಹುದು.

ಎಲ್ಲಿಗೆ ಎಂಬುದು ಅವಳ ಹೊಲಿಗೆ ಡಬ್ಬಿಯ ತಳದಲ್ಲಿ ಮಡಚಿಟ್ಟಿದ್ದ ಕಾಗದದಲ್ಲಿತ್ತು. ಪೇಟೆಯ ಆಸ್ಪತ್ರೆ, ನರ್ಸುಗಳ ಸಹಾಯಕಿಯ ತರಬೇತಿ, ಒಂದು ವರ್ಷ, ಅಲ್ಲೇ ವಾಸ. ಒಂಬತ್ತನೇ ತರಗತಿ ಪಾಸಾಗಿದ್ದರೆ ಸಾಕು. ವಯಸ್ಸು ಇಪ್ಪತ್ತೆರಡು ದಾಟಿರಬಾರದು. ಅರ್ಜಿಗೆ ಕೊನೆಯ ದಿನ ಮುಂದಿನ ತಿಂಗಳ ಹತ್ತು. ಅಪ್ಪನಿಗೂ ಅದು ಗೊತ್ತಿತ್ತು. "ಮೊದಲು ನನ್ನ ಕಿವಿ ಬರ್ಲಿ, ಆಮೇಲೆ ನಿನ್ನ ಕಾಲು" ಎಂದು ನಗುತ್ತಿದ್ದ.

ಮಂಡಳಿಯ ಮುಂದೆ ಹೋಗುವ ಹಿಂದಿನ ದಿನ ಗುಬ್ಬಿ ಟೈಲರಕ್ಕನ ಅಂಗಡಿಯಲ್ಲಿ ಅಂಗಿಗಳಿಗೆ ಗುಂಡಿ ಹೊಲಿಯುತ್ತ ಕೂತಿದ್ದಳು. ಬಿಡುವಿದ್ದಾಗ ಅವಳು ಅಲ್ಲಿ ಕೈಗೆಲಸ ಮಾಡುವುದಿತ್ತು.

"ನಾಳೆನಾ ಬೋರ್ಡು?" ಗುಂಡುಸೂಜಿಯನ್ನು ತುಟಿಯಲ್ಲಿ ಕಚ್ಚಿಕೊಂಡೇ ಟೈಲರಕ್ಕ ಕೇಳಿದಳು.

"ಹೂಂ."

"ಕಿವಿ ಕೇಳಿಸಲ್ಲ ಅಂತ ಹೇಳೋಕೆ?"

"ಹೂಂ."

"ಹೂಂಗಿಂತ ಜಾಸ್ತಿ ಅಂದ್ರೆ ನಿನ್ನ ಬಾಯಿ ಸವೆದು ಹೋಗುತ್ತಾ?" ಟೈಲರಕ್ಕ ಸೂಜಿ ತೆಗೆದು ಮೇಜಿಗೆ ಚುಚ್ಚಿದಳು. "ಎಷ್ಟು ಕೇಳಿಸಲ್ಲ? ಪೂರಾನಾ?"

ಗುಬ್ಬಿ ತಲೆ ತಗ್ಗಿಸಿದಳು.

"ಹಾಗೆ ಹೇಳು. ಕಳೆದ ಚಳಿಗಾಲದಲ್ಲಿ ಈ ಕಂಬ ಕೂಗದೇ ಇದ್ದ ದಿನ ನಿಮ್ಮಪ್ಪನಿಗೊಬ್ಬರಿಗೆ ಹೇಗೆ ಕೇಳಿಸ್ತು ಅಂತ ಆರು ತಿಂಗಳಿಂದ ತಲೆ ಕೆರ್ಕೊಂಡಿದೀನಿ. ಇವತ್ತು ಕೆರೆತ ನಿಂತುಹೋಯ್ತು."

ಗುಬ್ಬಿಯ ಬೆರಳಿಗೆ ಸೂಜಿ ಚುಚ್ಚಿತು.

ಅವತ್ತು ಅವಳಿಗೆ ಹಲ್ಲುನೋವು. ಹನ್ನೊಂದು ಗಂಟೆಗೆ ದಂತವೈದ್ಯರ ಬಾಗಿಲಲ್ಲಿ ಕೆನ್ನೆ ಹಿಡಿದುಕೊಂಡು ಸಾಲಿನಲ್ಲಿದ್ದಳು. ಅಪ್ಪ ಒಬ್ಬನೇ ಬೆಂಚಿನ ಮೇಲೆ ಕೂತು, ಕೈಗಡಿಯಾರ ನೋಡಿ, ಸರಿಯಾಗಿ ಹನ್ನೊಂದಕ್ಕೆ ಹುಬ್ಬು ಗಂಟಿಕ್ಕಿ, ಒಂದು ನಿಮಿಷಕ್ಕೆ ಹುಬ್ಬು ಬಿಡಿಸಿ, ‘ಕೇಳಿಸಿತು, ಸ್ಪಷ್ಟ’ ಎಂದು ಗುರುತು ಹಾಕಿದ್ದ. ಕಂಬ ಅವತ್ತು ಕೆಮ್ಮಲೂ ಇಲ್ಲ. ಸೈರನ್ ಸಾಹೇಬ ಬೇರೆ ಬೀದಿಯಲ್ಲಿದ್ದವನು ಮಧ್ಯಾಹ್ನ ಬಂದು ಫಾರಂ ಒಯ್ದ. ಟೈಲರಕ್ಕ, ಬೇಕರಿಯವನು, ಮೇಲಿನ ಮನೆಯ ಮೇಷ್ಟ್ರು ಎಲ್ಲ ಸೇರಿ ಆರು ಮಂದಿ ಪ್ಲಾಂಟಿಗೆ ಕಾಗದ ಬರೆದರು: ನಮ್ಮ ಕಂಬ ಕೂಗಲಿಲ್ಲ, ಬಂದು ನೋಡಿ. ಉತ್ತರ ಬಂತು: ಅಧಿಕೃತ ಶ್ರೋತೃವಿಗೆ ಸ್ಪಷ್ಟವಾಗಿ ಕೇಳಿಸಿದೆ, ತಾವು ಮನೆಯೊಳಗಿದ್ದಿರಬಹುದು. ಮುಂದಿನ ತಿಂಗಳು ಅದು ತಾನೇ ತಾನಾಗಿ ಕೂಗಿತು. ಯಾಕೆ ಕೂಗಲಿಲ್ಲ, ಯಾಕೆ ಕೂಗಿತು, ಯಾರೂ ಹತ್ತಿ ನೋಡಲಿಲ್ಲ. ಗುಬ್ಬಿ ತಿಂಗಳುಗಟ್ಟಲೆ ಟೈಲರಕ್ಕನ ಕಣ್ಣಿಗೆ ಕಣ್ಣು ಕೊಟ್ಟಿರಲಿಲ್ಲ.

"ನಾನ್ಯಾರಿಗೂ ಹೇಳಲ್ಲ ಬಿಡು," ಟೈಲರಕ್ಕ ಮಷೀನು ತುಳಿಯಲು ಶುರುಮಾಡಿದಳು. "ಆದ್ರೆ ಅವತ್ತು ನಿಜವಾಗ್ಲೂ ಏನಾದ್ರೂ ಆಗಿದ್ದಿದ್ರೆ, ನಾವೆಲ್ಲ ಇಲ್ಲೇ ಹಾಯಾಗಿ ಕೂತು ಗುಂಡಿ ಹೊಲೀತಾ ಇರ್ತಿದ್ವಿ. ಅಷ್ಟೇ ನಾನು ಹೇಳೋದು."

ಗುಬ್ಬಿ ದಾರ ಕಡಿದು ಮೆಲ್ಲಗೆ ಕೇಳಿದಳು. "ಅಕ್ಕಾ, ಆ ಉತ್ತರ ಬಂದ ಕಾಗದ ಇದೆಯಾ?"

ಅವಳ ತಲೆಯಲ್ಲಿ ಹೊಳೆದದ್ದು ಇಷ್ಟು. ಕೂಗದ ಸೈರನ್ನು ಸ್ಪಷ್ಟವಾಗಿ ಕೇಳಿಸಿತು ಎಂದು ಬರೆದವನಿಗಿಂತ ಕಿವುಡ ಎಲ್ಲಿ ಸಿಕ್ಕಾನು? ಅಪ್ಪನ ತಪ್ಪೇ ಅಪ್ಪನ ಸಾಕ್ಷಿ. ಮನೆಗೆ ಬಂದವಳೇ ಫಾರಮ್ಮುಗಳ ಕಾರ್ಬನ್ ಪ್ರತಿಗಳ ಕಟ್ಟು ಬಿಚ್ಚಿ, ಆ ತಿಂಗಳದ್ದನ್ನು ಹುಡುಕಿ, ಟೈಲರಕ್ಕ ಕೊಟ್ಟ ಕಾಗದದ ಜೊತೆ ಚೀಲದಲ್ಲಿಟ್ಟುಕೊಂಡಳು. ಸುಳ್ಳು ಫಾರಂ ತುಂಬಿದ್ದಕ್ಕೆ ಬೈದರೆ ಬೈಯಲಿ. ಬೈಗುಳ ಅಪ್ಪನಿಗಂತೂ ಕೇಳಿಸುವುದಿಲ್ಲ.

ಮಂಡಳಿಯ ಕೋಣೆಯಲ್ಲಿ ಉದ್ದದ ಮೇಜು, ಮೇಜಿನಾಚೆ ಮೂರು ಜನ. ನಡುವೆ ಡಾಕ್ಟರು, ಚಹಾದಲ್ಲಿ ಬಿಸ್ಕತ್ತು ಅದ್ದುತ್ತಿದ್ದರು. ಎಡಕ್ಕೆ ಗುಮಾಸ್ತ, ಮುಂದೆ ದಪ್ಪನೆಯ ಎರಡು ಕಡತ. ಬಲಕ್ಕೆ ಕೂತವನನ್ನು ನೋಡಿ ಗುಬ್ಬಿ ಚೀಲವನ್ನು ಎದೆಗೆ ಒತ್ತಿಕೊಂಡಳು. ಸೈರನ್ ಸಾಹೇಬ. ಸುರಕ್ಷತಾ ವಿಭಾಗದ ಪ್ರತಿನಿಧಿಯಂತೆ. ಅಪ್ಪನಿಗೆ ಮಾತ್ರ ಗುರುತಿನ ಮುಖ ಕಂಡು ಹೋದ ಜೀವ ಬಂದ ಹಾಗಾಯಿತು. "ನಮಸ್ಕಾರ ಸರ್!" ಎಂದು ಕೂಗಿದ. ಡಾಕ್ಟರರ ಬಿಸ್ಕತ್ತು ಮುರಿದು ಚಹಾಕ್ಕೆ ಬಿತ್ತು.

ಬೆಳಗ್ಗೆ ಪಕ್ಕದ ಕೋಣೆಯಲ್ಲಿ ಪರೀಕ್ಷೆ ಮುಗಿದಿತ್ತು. ಈ ಸಲ ಗಾಜಿನ ಬೀರು ಎದುರಿಗಿದ್ದರೂ ಅಪ್ಪ ಕಣ್ಣು ಮುಚ್ಚಿ ಕೂತಿದ್ದ. ಒಂದು ಸಲವೂ ಗುಂಡಿ ಒತ್ತಲಿಲ್ಲ.

"ಪರೀಕ್ಷೆ ಪ್ರಕಾರ ಎರಡೂ ಕಿವಿ ಪೂರಾ ಹೋಗಿದೆ," ಡಾಕ್ಟರು ಚಮಚದಲ್ಲಿ ಬಿಸ್ಕತ್ತು ಹುಡುಕುತ್ತ ಹೇಳಿದರು. "ಆದ್ರೆ ಗುಂಡಿ ಒತ್ತದೇ ಇರೋದು ಕಷ್ಟದ ಕೆಲಸ ಏನಲ್ಲ. ದಾಖಲೆ ಏನು ಹೇಳುತ್ತೆ?"

ಗುಮಾಸ್ತ ಮೊದಲನೇ ಕಡತ ಬಿಚ್ಚಿದ. "ಕೆಲಸದಲ್ಲಿದ್ದಾಗ ಪ್ರತಿ ವರ್ಷ ಪರೀಕ್ಷೆ ಪಾಸು ಸರ್." ಎರಡನೆಯದನ್ನು ಬಿಚ್ಚಿದ. "ಇದು ಸೈರನ್ ಫಾರಂ. ಏಳು ವರ್ಷ ಮೂರು ತಿಂಗಳು. ಎಂಬತ್ತೇಳು ಫಾರಂ. ಎಂಬತ್ತಮೂರು ಸಲ ‘ಕೇಳಿಸಿತು, ಸ್ಪಷ್ಟ’. ನಾಲ್ಕು ಸಲ ‘ಮಂದ’. ಆ ನಾಲ್ಕು ದಿನ ಜೋರು ಗಾಳಿ ಇತ್ತು ಸರ್, ನಾನು ತಾಳೆ ನೋಡಿದೀನಿ."

"ಗಾಳಿಗೆ ಸದ್ದು ಸ್ವಲ್ಪ ಕಮ್ಮಿಯಾದ್ದೂ ಗೊತ್ತಾಗಿದೆ," ಡಾಕ್ಟರು ತಲೆದೂಗಿದರು. "ನನ್ನ ಕಿವೀನೂ ಇಷ್ಟು ಚೆನ್ನಾಗಿಲ್ಲ."

ಅಪ್ಪ ಒಬ್ಬೊಬ್ಬರ ತುಟಿಯಿಂದ ಇನ್ನೊಬ್ಬರ ತುಟಿಗೆ ಕಣ್ಣು ಓಡಿಸುತ್ತ, ತಡವಾಗಿ, ತಡವಾಗಿ ನಗುತ್ತಿದ್ದ. ತನ್ನ ಅಕ್ಷರವಿದ್ದ ಫಾರಮ್ಮುಗಳನ್ನು ಕಂಡು ಹೊಗಳುತ್ತಿದ್ದಾರೆ ಎಂದುಕೊಂಡನೋ ಏನೋ, ಬೆನ್ನು ನೆಟ್ಟಗೆ ಮಾಡಿ ಕೂತ.

ಮೂರು ಜನ ಗಂಡಸರೆದುರು ಗುಬ್ಬಿ ಹುಟ್ಟಿದಾಗಿನಿಂದ ಬಾಯಿ ಬಿಟ್ಟವಳಲ್ಲ. ಚೀಲದ ಹಿಡಿಯನ್ನು ತಿರುಚುತ್ತ ತಿರುಚುತ್ತ ಎದ್ದು ನಿಂತಳು.

"ಅದು ಅಪ್ಪನಿಗೆ ಕೇಳಿಸಿದ್ದಲ್ಲ. ನನಗೆ ಕೇಳಿಸಿದ್ದು. ನಾನು ಕಿಟಕೀಲಿ ಬೆರಳು ಎತ್ತುತ್ತಿದ್ದೆ. ಅಪ್ಪ ನೋಡಿ ಬರೀತಿದ್ರು."

ಗುಮಾಸ್ತ ಕಡತದಿಂದ ತಲೆ ಎತ್ತಿದ.

"ಅಂದ್ರೆ ಏಳು ವರ್ಷ ಸುಳ್ಳು ದಾಖಲೆ," ಸೈರನ್ ಸಾಹೇಬ ತಣ್ಣಗೆ ಹೇಳಿದ. "ಎಷ್ಟು ದೊಡ್ಡ ಅಪರಾಧ ಗೊತ್ತಾ ಇದು? ಹಾಗೆ ಹೇಳೋಕೆ ಏನಾದ್ರೂ ಆಧಾರ ಇದೆಯಾ?"

"ಇದೆ." ಅವಳು ಎರಡೂ ಕಾಗದ ತೆಗೆದು ಮೇಜಿನ ಮೇಲಿಟ್ಟಳು. "ಅವತ್ತೊಂದು ದಿನ ನಾನು ಮನೇಲಿರಲಿಲ್ಲ. ಅವತ್ತು ಸೈರನ್ ಕೂಗಲೇ ಇಲ್ಲ. ಬೀದಿಯ ಆರು ಜನ ಬರೆದುಕೊಟ್ಟಿದ್ದಾರೆ. ಅಪ್ಪ ಗಡಿಯಾರ ನೋಡಿ ‘ಕೇಳಿಸಿತು’ ಅಂತ ಬರೆದ್ರು. ಕಿವಿ ಇದ್ದವರು ಹಾಗೆ ಬರೀತಾರಾ ಸರ್?"

ಡಾಕ್ಟರು ಕಾಗದ ಓದಿದರು. ಮೊದಲ ಸಲ ಅಪ್ಪನ ಮುಖವನ್ನು ಸರಿಯಾಗಿ ನೋಡಿದರು. ಆಮೇಲೆ ಬಲಕ್ಕೆ ತಿರುಗಿದರು. "ಅವತ್ತು ಕೂಗಿರಲಿಲ್ವಾ?"

"ಕೂಗಿತ್ತು ಸರ್."

"ಏನಾಧಾರ?"

ಸೈರನ್ ಸಾಹೇಬ ಎಂಬತ್ತೇಳರಲ್ಲಿ ಒಂದನ್ನು ಹೊರಗೆಳೆದು ಡಾಕ್ಟರರ ಚಹಾ ಲೋಟದ ಪಕ್ಕ ಇಟ್ಟ. "ಇವರಪ್ಪನ ಫಾರಂ. ‘ಕೇಳಿಸಿತು, ಸ್ಪಷ್ಟ’. ಕೆಳಗೆ ನನ್ನ ಸಹಿ. ಆ ತಿಂಗಳು ಅರವತ್ತಕ್ಕೆ ಅರವತ್ತೂ ಕಂಬ ಕೂಗಿದೆ ಅಂತ ಮೇಲಕ್ಕೆ ವರದಿ ಹೋಗಿದೆ. ಇವರಿಗೆ ಕಿವಿ ಇಲ್ಲ ಅಂತ ನಾವು ಬರೆದ್ರೆ, ಹದಿನಾಲ್ಕನೇ ಕಂಬ ಏಳು ವರ್ಷದಿಂದ ಕೂಗಿದೆ ಅನ್ನೋಕೆ ನಮ್ಮ ಹತ್ರ ಏನೂ ಇರಲ್ಲ. ನೀವೇ ಯೋಚ್ನೆ ಮಾಡಿ ಸರ್."

ಡಾಕ್ಟರು ಬಹಳ ಹೊತ್ತು ಯೋಚಿಸಲಿಲ್ಲ. ಲೋಟ ಎತ್ತಿ ಕೊನೆಯ ಗುಟುಕು ಕುಡಿದರು, ಗುಮಾಸ್ತನಿಗೆ ಮೂರು ಸಾಲು ಹೇಳಿ ಬರೆಸಿದರು, ಸಹಿ ಹಾಕಿದರು. "ಸುಳ್ಳು ದಾಖಲೆಯ ಮಾತು ಇಲ್ಲಿಗೇ ಬಿಡೋಣ. ಮಗು ಏನೋ ಅಪ್ಪನ ಮೇಲಿನ ಪ್ರೀತಿಗೆ ಹೇಳಿದೆ" ಎಂದರು. ಸೈರನ್ ಸಾಹೇಬ ಎದ್ದು ಬಂದು ಅಪ್ಪನ ಕೈ ಹಿಡಿದು ಕುಲುಕಿ ಬೆನ್ನು ತಟ್ಟಿದ. ಅಪ್ಪನ ಕಣ್ಣು ತುಂಬಿ ಬಂತು. "ಉಪಕಾರ ಆಯ್ತು ಸರ್! ತುಂಬ ಉಪಕಾರ ಆಯ್ತು!" ಎಂದು ಮೂವರಿಗೂ ಕೈ ಮುಗಿದ. ಬಾಗಿಲಿನ ಹೊರಗೆ ಕಾಯುತ್ತಿದ್ದವರೆಲ್ಲ ಎದ್ದು ನಿಂತು ಒಳಗೆ ಇಣುಕಿದರು.

ಬಸ್ಸಿನಲ್ಲಿ ಅವನ ಖುಷಿ ಹಿಡಿಯಲು ಯಾರಿಂದಲೂ ಆಗಲಿಲ್ಲ. "ಅಳತೆ ಯಾವಾಗ ತಗೋತಾರಂತೆ? ಎರಡೂ ಕಿವಿಗೂ ಕೊಡ್ತಾರೋ ಒಂದಕ್ಕೋ? ನೀನು ಇವತ್ತೇ ಅರ್ಜಿ ತುಂಬಿಬಿಡು ಮಗಳೇ!" ಸೀಟುಗಳವರೆಲ್ಲ ತಿರುಗಿ ನೋಡಿ, ಒಳ್ಳೆಯ ಸುದ್ದಿಯೇ ಇರಬೇಕು ಎಂದು ನಕ್ಕರು. ಗುಬ್ಬಿ ಮಂಡಳಿಯ ಕಾಗದವನ್ನು ಅವನ ಕೈಗೆ ಕೊಟ್ಟು ಕಿಟಕಿಯ ಕಡೆ ತಿರುಗಿದಳು. ಶ್ರವಣಶಕ್ತಿ ತೃಪ್ತಿಕರ. ಅರ್ಜಿ ತಿರಸ್ಕೃತ. ಅಧಿಕೃತ ಶ್ರೋತೃವಾಗಿ ಸಲ್ಲಿಸಿದ ಸೇವೆಯನ್ನು ಮೆಚ್ಚಿ ನೇಮಕವನ್ನು ಇನ್ನು ಮೂರು ವರ್ಷ ಮುಂದುವರಿಸಲಾಗಿದೆ.

ಎರಡು ಸ್ಟಾಪು ಕಳೆದ ಮೇಲೆ ಅವನು ಕೇಳಿದ. ಅವನ ಪಾಲಿಗೆ ಅದು ಪಿಸುಮಾತು, ಬಸ್ಸಿಗೆಲ್ಲ ಕೇಳಿಸಿತು. "ಹಾಗಾದ್ರೆ ಆ ಮನುಷ್ಯ ಕೈ ಯಾಕೆ ಕುಲುಕಿದ?"

ಮನೆಯಲ್ಲಿ ಉದ್ದ ಮಾತಿಗೆಲ್ಲ ಅವರಿಬ್ಬರ ನಡುವೆ ಒಂದು ಸ್ಲೇಟು ಇತ್ತು. ಆ ಸಂಜೆ ಗುಬ್ಬಿ ಅದರ ಮೇಲೆ ಮಂಡಳಿಯಲ್ಲಿ ನಡೆದದ್ದನ್ನೆಲ್ಲ ಬರೆದಳು, ಒರೆಸಿದಳು, ಮತ್ತೆ ಬರೆದಳು. ಅಪ್ಪ ಓದಿದ. ಬ್ಯಾಡ್ಜನ್ನು ಬಿಚ್ಚಿ, ಮಂಡಳಿಯ ಕಾಗದದ ಜೊತೆ ಉಪ್ಪಿನ ಡಬ್ಬಿಯ ಹಿಂದೆ ಇಟ್ಟ. ಹತ್ತು ದಿನ ಬ್ಯಾಡ್ಜು ಅಲ್ಲೇ ಇತ್ತು.

ಮಂಗಳವಾರ ಬಂತು. ಹನ್ನೊಂದಕ್ಕೆ ಐದು ನಿಮಿಷ ಇರುವಾಗ ಅಪ್ಪ ಅದೇ ಅಂಗಿ ಹಾಕಿ, ಅದೇ ಬ್ಯಾಡ್ಜು ಚುಚ್ಚಿಕೊಂಡು, ಅದೇ ಬೆಂಚಿನ ಮೇಲೆ ಕೂತ. ಕಿಟಕಿ ಕಣ್ಣಂಚಿಗೆ ಬೀಳುವ ಹಾಗೆ ಓರೆಯಾಗಿಯೇ ಕೂತ. ಗುಬ್ಬಿ ಎರಡೂ ಕೈಯಿಂದ ಕಿಟಕಿಯ ಕಂಬಿ ಹಿಡಿದು ನಿಂತಳು. ಸೈರನ್ನು ಶುರುವಾಯಿತು. ಕಂಬಿಯೇ ಅವಳ ಅಂಗೈಯಲ್ಲಿ ಸಣ್ಣಗೆ ನಡುಗಿತು. ಅವಳು ಬೆರಳು ಎತ್ತಲಿಲ್ಲ.

ಅಪ್ಪ ಕಾದ. ಗಡಿಯಾರ ನೋಡಿದ. ಕಿಟಕಿ ನೋಡಿದ. ರಸ್ತೆಯಾಚೆ ಟೈಲರಕ್ಕ ಎರಡೂ ಕಿವಿ ಮುಚ್ಚಿಕೊಂಡು ಮುಖ ಕಿವುಚಿದ್ದು ಅವನಿಗೆ ಚೆನ್ನಾಗಿ ಕಾಣುತ್ತಿತ್ತು. ತಿರುಗಿ ಪೂರ್ತಿ ಮುಖ ಮಾಡಿ ಮಗಳನ್ನು ನೋಡಿದ. ಅವಳ ಕೈ ಕಂಬಿ ಬಿಡಲಿಲ್ಲ. ಒಂದು ನಿಮಿಷ ಇಷ್ಟು ಉದ್ದ ಇರುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. ಸದ್ದು ನಿಂತ ಮೇಲೆ ಅಪ್ಪ ಪೆನ್ನಿನ ಮುಚ್ಚಳ ತೆಗೆದು, ನಿಧಾನವಾಗಿ, ಮೂರನೆಯ ಚೌಕದಲ್ಲಿ ಗುರುತು ಹಾಕಿದ. ಎಂಬತ್ತೆಂಟನೇ ಫಾರಂ. ಅವನು ನಿಜ ಬರೆದದ್ದು ಅದೇ ಮೊದಲು.

ಸೈರನ್ ಸಾಹೇಬ ಫಾರಂ ಓದಿ ಅಪ್ಪನ ಮುಖ ನೋಡಿದ, ಕಂಬ ನೋಡಿದ, ಸ್ಕೂಟರು ಹತ್ತಿದ.

ಗುರುವಾರ ಲಾರಿ ಬಂತು. ನಾಲ್ಕು ಜನ ಕಂಬ ಹತ್ತಿದರು. ಸರಿಯಾಗಿದ್ದ ಸೈರನ್ನನ್ನು ಬಿಚ್ಚಿ ಕೆಳಗಿಳಿಸಿ, ಅದರ ಜಾಗಕ್ಕೆ ಹೊಸದನ್ನು ಕೂರಿಸಿದರು.

"ಅಲ್ರಪ್ಪಾ, ನಿಜವಾಗ್ಲೂ ಕೆಟ್ಟಿದ್ದಾಗ ಆರು ಜನ ಬಾಯಿ ಬಡ್ಕೊಂಡ್ರೂ ಒಬ್ಬನೂ ತಲೆ ಹಾಕ್ಲಿಲ್ಲ," ಟೈಲರಕ್ಕ ಅಂಗಡಿಯ ಮೆಟ್ಟಿಲಲ್ಲಿ ನಿಂತು ಕೇಳಿದಳು. "ಈಗ ಚೆನ್ನಾಗಿ ಕಿರುಚ್ತಿದ್ದಾಗ ಬಂದು ರಿಪೇರಿ ಮಾಡ್ತಿದೀರಲ್ಲ?"

"ನಮಗೇನ್ ಗೊತ್ತಕ್ಕ. ಕೇಳಿಸಲ್ಲ ಅಂತ ಬರೆದಿದಾರೆ, ಹತ್ತಿದೀವಿ" ಎಂದ ಮೇಲಿದ್ದವನು.

ಶುಕ್ರವಾರ ಬೆಳಗ್ಗೆ ಸೈರನ್ ಸಾಹೇಬ ತಾನೇ ಬಂದ. ದುರಸ್ತಿ ಮುಗಿಯಿತು ಎಂದು ಬರೆಯಬೇಕಾದರೆ ಅಧಿಕೃತ ಶ್ರೋತೃ ‘ಕೇಳಿಸಿತು’ ಎಂದು ಗುರುತು ಹಾಕಬೇಕು. ಅಪ್ಪನನ್ನು ಬೆಂಚಿನ ಮೇಲೆ ಕೂರಿಸಿ ಕೂಗಿಸಿದ. ಹೊಸ ಸೈರನ್ನಿನ ಸದ್ದಿಗೆ ಬೇಕರಿಯ ಗಾಜು ಜಿಲ್ಲೆಂದಿತು. ಅಪ್ಪ ತಲೆಯಾಡಿಸಿದ, ಇಲ್ಲ. ಸದ್ದು ಏರಿಸಿ ಇನ್ನೊಮ್ಮೆ. ಇಲ್ಲ. ಮೇಷ್ಟ್ರು ಮಹಡಿಯಿಂದ ಬೈದರು. ನಾಯಿಗಳು ಬೀದಿ ಬಿಟ್ಟು ಓಡಿದವು. ಮೂರನೇ ಸಲಕ್ಕೂ ಅಪ್ಪ ಮುಖದ ಒಂದು ಗೆರೆಯೂ ಅಲುಗದೆ, ಉದ್ಯಾನದಲ್ಲಿ ಬಿಸಿಲು ಕಾಯಿಸುತ್ತಿರುವವನ ಹಾಗೆ ಕೂತಿದ್ದ. ಬೀದಿಯ ಜನ ಬಾಗಿಲುಗಳಲ್ಲಿ ಕಿವಿಗೆ ಬೆರಳಿಟ್ಟುಕೊಂಡು ನಿಂತು ನೋಡುತ್ತಿದ್ದರು. ಪೂರಾ ಹೋಗಿದೆ ಎಂದು ಅವತ್ತು ಎಲ್ಲರಿಗೂ ಗೊತ್ತಾಯಿತು.

ಸೈರನ್ ಸಾಹೇಬನ ಕತ್ತಿನಿಂದ ಬೆವರು ಇಳಿಯುತ್ತಿತ್ತು. ನಾಲ್ಕನೇ ಸಲ ಸದ್ದು ಏಳುತ್ತಿದ್ದ ಹಾಗೆ ಅವನು ಅಪ್ಪನ ಎದುರಿಗೆ ಬಂದು ನಿಂತು, ತನ್ನ ತೋರುಬೆರಳನ್ನು ಮೇಲೆತ್ತಿದ.

ಅಪ್ಪ ಆ ಬೆರಳನ್ನು ನೋಡಿದ. ಉಂಗುರವಿದ್ದ, ಉಗುರು ನೀಟಾಗಿ ಕತ್ತರಿಸಿದ ಬೆರಳು.

"ಸರ್," ಎಂದ, ಸೈರನ್ನನ್ನೂ ಮೀರಿಸುವ ದನಿಯಲ್ಲಿ. "ಅದು ನನ್ನ ಮಗಳ ಕೆಲಸ. ನಿಮಗ್ಯಾವಾಗ ಕೊಟ್ರು?"

ಟೈಲರಕ್ಕ ಕಿವಿಯಿಂದ ಕೈ ತೆಗೆದು ಹೊಟ್ಟೆ ಹಿಡಿದುಕೊಂಡು ನಕ್ಕಳು. ಬೀದಿಯೆಲ್ಲ ನಕ್ಕಿತು. ಗುಬ್ಬಿಗೆ ಮಾತ್ರ ನಗು ಬರಲಿಲ್ಲ. ಯಾಕೆಂದರೆ ಸೈರನ್ ಸಾಹೇಬ ಅಪ್ಪನ ಕೈಯಿಂದ ಪೆನ್ನು ಕಿತ್ತು, ಮೊದಲನೇ ಚೌಕದಲ್ಲಿ ತಾನೇ ಗುರುತು ಹಾಕಿ, ಸಹಿಯ ಜಾಗಕ್ಕೆ ಬೆರಳಿಟ್ಟು ತೋರಿಸುತ್ತಿದ್ದ. ಅಪ್ಪ ಮಗಳ ಕಡೆ ನೋಡಿದ. ಪಿಂಚಣಿ ಬರುವುದೂ ಅದೇ ಪ್ಲಾಂಟಿನ ಗೇಟಿನಿಂದ. ರಟ್ಟನ್ನು ತೊಡೆಯ ಮೇಲೆ ಸರಿಮಾಡಿಕೊಂಡು ಸಹಿ ಹಾಕಿದ.

ಬೀದಿಯ ನಗು ಆಗಲೇ ಮುಗಿದುಹೋಗಿತ್ತು.

ಮಧ್ಯಾಹ್ನ ಊಟಕ್ಕೆ ಕೂತಾಗ ಅಪ್ಪ ತಟ್ಟೆ ನೋಡುತ್ತಲೇ ಹೇಳಿದ. "ನೀನು ಹೊರಡು. ಬೆರಳೆತ್ತೋಕೆ ಈಗ ಅವರೇ ಇದ್ದಾರಲ್ಲ."

ಗುಬ್ಬಿ ಸ್ಲೇಟು ಎಳೆದುಕೊಂಡು ಬರೆದಳು: ನಿಜವಾಗಿ ಕೂಗಿದ ದಿನ?

ಅಪ್ಪ ಓದಿದ. ತುತ್ತು ನುಂಗಿದ. "ಎದುರಿಗೆ ಟೈಲರ್ ಅಂಗಡಿ ಕಾಣುತ್ತೆ. ಅವಳು ಬಾಗಿಲು ಎಳ್ಕೊಂಡು ಓಡಿದ್ರೆ ನಾನೂ ಓಡ್ತೀನಿ."

"ಅಕ್ಕ ಮಧ್ಯಾಹ್ನ ಮಲಗ್ತಾರೆ" ಎಂದು ಗುಬ್ಬಿ ಬಾಯಲ್ಲೇ ಹೇಳಿದಳು. ಅವಳು ತಲೆ ತಗ್ಗಿಸಿದ್ದರಿಂದ ಅವನಿಗೆ ತುಟಿ ಕಾಣಲಿಲ್ಲ.

ಒಂಬತ್ತನೇ ತಾರೀಖು ಅವಳು ಅಡುಗೆಮನೆಯ ಮೇಜಿನ ಮೇಲೆ ಅರ್ಜಿ ಹರಡಿಕೊಂಡು ಕೂತಳು. ಹೆಸರು, ವಯಸ್ಸು, ತರಗತಿ. ಎಂಟನೇ ಪ್ರಶ್ನೆ ಹೀಗಿತ್ತು: ನಿಮ್ಮ ಆರೈಕೆಯನ್ನೇ ನೆಚ್ಚಿಕೊಂಡಿರುವ ಅಂಗವಿಕಲರು ಮನೆಯಲ್ಲಿ ಇದ್ದಾರೆಯೇ? ಇದ್ದರೆ ಪ್ರವೇಶ ಇಲ್ಲ. ಇಲ್ಲವಾದರೆ ಮನೆಯ ಹಿರಿಯರ ಆರೋಗ್ಯದ ಬಗ್ಗೆ ವೈದ್ಯರ ಪ್ರಮಾಣಪತ್ರ ಲಗತ್ತಿಸಿ. ಎರಡು ಚೌಕ ಇದ್ದವು.

ಹೊರಗೆ ಯಾರೋ ಗೇಟು ಬಡಿಯುತ್ತಿದ್ದರು. ಅಪ್ಪ ಬಾಗಿಲ ಪಕ್ಕದಲ್ಲೇ ಪೇಪರು ಓದುತ್ತ ಕೂತಿದ್ದ, ಪುಟ ಮಗುಚಿದ. ಗುಬ್ಬಿ ಏಳಲಿಲ್ಲ. ಬಡಿತ ಇನ್ನೊಮ್ಮೆ ಕೇಳಿಸಿ, ನಿಂತಿತು. ಬಂದವರು ಯಾರೋ, ಹೊರಟುಹೋದರು.

ಅವಳು ‘ಇಲ್ಲ’ ಎಂಬ ಚೌಕದಲ್ಲಿ ಗುರುತು ಹಾಕಿದಳು. ಉಪ್ಪಿನ ಡಬ್ಬಿಯ ಹಿಂದಿನಿಂದ ಮಂಡಳಿಯ ಕಾಗದ ತೆಗೆದು, ಶ್ರವಣಶಕ್ತಿ ತೃಪ್ತಿಕರ ಎಂದಿದ್ದ ಸಾಲು ಮೇಲೆ ಕಾಣುವ ಹಾಗೆ ಮಡಚಿ, ಅರ್ಜಿಯ ಮೂಲೆಗೆ ಗುಂಡುಸೂಜಿ ಚುಚ್ಚಿದಳು.